ದೊಡ್ಡ ಕರುಳಿನ ಮೂರು ಆಮ್ಲಗಳು ಮತ್ತು ನಮ್ಮ ಇನ್ಸುಲಿನ್

ಹೋದ ತಿಂಗಳು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಒಬ್ಬ ಅಕ್ಕ ಒಂದು ರಿಪೋರ್ಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಉಡುಪಿ ಕಡೆಯವರು, ಮುಂಬೈಗೆ ಬಂದು ನಲವತ್ತು ವರ್ಷವಾಗಿದೆ, ಏಳು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಾರೆ. ರಿಪೋರ್ಟ್ ಮಲಪರೀಕ್ಷೆಯದು. ನಾಲ್ಕು ಪುಟ, ಬಣ್ಣಬಣ್ಣದ ಪಟ್ಟಿಗಳು. ಅದರಲ್ಲಿ ಒಂದು ಪಟ್ಟಿ ಕೆಂಪು. ಅದರ ಪಕ್ಕದಲ್ಲಿ ಬರೆದಿತ್ತು, ಬ್ಯುಟಿರೇಟ್ ಕಡಿಮೆ. ಪರೀಕ್ಷೆ ಮಾಡಿದವರೇ ಮೂರು ತಿಂಗಳಿಗೆ ಆಗುವಷ್ಟು ಬ್ಯುಟಿರೇಟ್ ಕ್ಯಾಪ್ಸೂಲನ್ನೂ ಕೊಟ್ಟು ಕಳಿಸಿದ್ದರು. ಅಕ್ಕ ಕೇಳಿದ್ದು ಒಂದೇ ಮಾತು: "ಇದು ತಗೊಂಡ್ರೆ ಶುಗರ್ ಮಾತ್ರೆ ಬಿಡಬಹುದಾ?"

ಬಿಡಬೇಡಿ ಅಂತ ತಕ್ಷಣ ಹೇಳಿದೆ. ಯಾಕೆ ಅಂತ ಕೇಳಿದರು. ಅದಕ್ಕೆ ಉತ್ತರ ಹೇಳಲು ಒಂದು ಗಂಟೆ ಬೇಕಾಯಿತು, ಎರಡು ಸಲ ಟೀ ಆಯಿತು. ಇವತ್ತು ಈ ಸಭೆಯಲ್ಲಿ ನಿಮಗೆ ಹೇಳುತ್ತಿರುವುದೂ ಅದನ್ನೇ, ಸ್ವಲ್ಪ ಜಾಸ್ತಿ ವಿವರವಾಗಿ. ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಹಾಗಾಗಿ ಮಾತ್ರೆಯ ಲೆಕ್ಕ ನಿಮ್ಮ ನಿಮ್ಮ ಡಾಕ್ಟರ ಹತ್ತಿರವೇ ಇರಲಿ. ಈ ಆಮ್ಲಗಳ ಕಥೆ ಮಾತ್ರ ನನ್ನಿಂದ ಕೇಳಿ.

ನಾವು ತಿನ್ನುವ ಅನ್ನ, ಬೇಳೆ, ಎಣ್ಣೆ ಎಲ್ಲ ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ನಾರು ಸೇರುವುದಿಲ್ಲ. ಅದನ್ನು ಒಡೆಯುವ ಕಿಣ್ವ ನಮ್ಮ ಮೈಯಲ್ಲಿ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೋಟಿಕೋಟಿ ಬ್ಯಾಕ್ಟೀರಿಯಾ ಕಾಯುತ್ತಿರುತ್ತವೆ. ಗಾಳಿಯಿಲ್ಲದ ಜಾಗ ಅದು. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುತ್ತದಲ್ಲ, ಹಾಗೆಯೇ ಅಲ್ಲಿ ನಾರು ಹುಳಿಯುತ್ತದೆ. ಆ ಹುಳಿಯಲ್ಲಿ ಮುಖ್ಯವಾಗಿ ಮೂರು ಆಮ್ಲಗಳು ಹುಟ್ಟುತ್ತವೆ. ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಅಸಿಟೇಟಿನಲ್ಲಿ ಎರಡು ಕಾರ್ಬನ್, ಪ್ರೊಪಿಯೊನೇಟಿನಲ್ಲಿ ಮೂರು, ಬ್ಯುಟಿರೇಟಿನಲ್ಲಿ ನಾಲ್ಕು. ಅಡುಗೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹದಿನಾರು, ಹದಿನೆಂಟು ಕಾರ್ಬನ್ ಇರುತ್ತವೆ. ಅವಕ್ಕೆ ಹೋಲಿಸಿದರೆ ಇವು ಗಿಡ್ಡ. ಅದಕ್ಕೇ ಗಿಡ್ಡ ಸರಪಳಿಯ ಕೊಬ್ಬಿನಾಮ್ಲಗಳು ಅನ್ನುತ್ತಾರೆ. ನೂರು ಪಾಲು ಹುಟ್ಟಿದರೆ ಸುಮಾರು 60 ಪಾಲು ಅಸಿಟೇಟ್, ಉಳಿದೆರಡು ತಲಾ 20ರ ಆಸುಪಾಸು.

ಅಸಿಟೇಟ್ ನಿಮಗೆ ಗೊತ್ತಿರುವುದೇ, ವಿನೆಗರಿನ ಆಮ್ಲ. ಬ್ಯುಟಿರೇಟ್ ಹೆಸರು ಬಂದದ್ದು ಲ್ಯಾಟಿನ್ ಭಾಷೆಯ ಬೆಣ್ಣೆಯ ಪದದಿಂದ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನ ಶೆವ್ರೊಲ್ ಅದನ್ನು ಬೆಣ್ಣೆಯಲ್ಲಿ ಗುರುತಿಸಿದರು. ಹಳಸಿದ ಬೆಣ್ಣೆಯ ವಾಸನೆ ಅದರದ್ದೇ. ನಮ್ಮ ಲ್ಯಾಬಿನಲ್ಲಿ ಒಮ್ಮೆ ಒಬ್ಬ ಹುಡುಗ ಬ್ಯುಟಿರಿಕ್ ಆಮ್ಲದ ಸಣ್ಣ ಬಾಟಲಿಯ ಮುಚ್ಚಳವನ್ನು ಹೊರಗಿನ ಟೇಬಲ್ ಮೇಲೆ ತೆಗೆದುಬಿಟ್ಟ. ಎರಡೇ ನಿಮಿಷ. ಮಧ್ಯಾಹ್ನದವರೆಗೂ ಇಡೀ ಮಹಡಿಯಲ್ಲಿ ಕೂರಲು ಆಗಲಿಲ್ಲ, ಕೈಗೆ ಹತ್ತಿದ್ದು ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಇಷ್ಟು ಕೆಟ್ಟ ವಾಸನೆಯ ವಸ್ತುವನ್ನೇ ನಮ್ಮ ಕರುಳಿನ ಗೋಡೆ ಹಸಿದು ತಿನ್ನುತ್ತದೆ ಅಂತ ಆ ಹುಡುಗನಿಗೆ ಹೇಳಿದಾಗ ಅವನು ನಂಬಲಿಲ್ಲ. ಆದರೆ ಅದು ನಿಜ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ 70% ಬ್ಯುಟಿರೇಟಿನಿಂದಲೇ ಪಡೆಯುತ್ತವೆ. ರೋಡಿಗರ್ ಎಂಬವರು ಇದನ್ನು 1980ರಲ್ಲಿ ತೋರಿಸಿದರು. ಮೈಯ ಬೇರೆ ಜೀವಕೋಶಗಳು ಗ್ಲೂಕೋಸ್ ಕೇಳಿದರೆ ಇವು ಬ್ಯುಟಿರೇಟ್ ಕೇಳುತ್ತವೆ.

ಈಗ ಇವು ಹುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತವೆ? ಇದು ನನಗೆ ಬಹಳ ಮುಖ್ಯ ಅನಿಸುವ ಪ್ರಶ್ನೆ, ಯಾಕೆಂದರೆ ಕ್ಯಾಪ್ಸೂಲಿನ ಉತ್ತರ ಇಲ್ಲೇ ಅಡಗಿದೆ. 1987ರಲ್ಲಿ ಇಂಗ್ಲೆಂಡಿನಲ್ಲಿ ಕಮ್ಮಿಂಗ್ಸ್ ಮತ್ತು ಅವರ ಜೊತೆಗಾರರು ಒಂದು ಕೆಲಸ ಮಾಡಿದರು. ಇದ್ದಕ್ಕಿದ್ದಂತೆ ತೀರಿಹೋದವರ ದೇಹದಲ್ಲಿ, ಸತ್ತ ಕೆಲವೇ ಗಂಟೆಗಳ ಒಳಗೆ, ಈ ಆಮ್ಲಗಳನ್ನು ಅಳೆದರು. ಬದುಕಿರುವವರ ಒಳಗೆ ಅಷ್ಟು ಆಳಕ್ಕೆ ಸೂಜಿ ಹಾಕಲು ಆಗುವುದಿಲ್ಲ, ಅಲ್ವಾ. ಕರುಳಿನಿಂದ ಲಿವರಿಗೆ ಹೋಗುವ ರಕ್ತದಲ್ಲಿ ಲೀಟರಿಗೆ 375 ಮೈಕ್ರೋಮೋಲ್ ಸಿಕ್ಕಿತು. ಲಿವರ್ ದಾಟಿ ಬಂದ ರಕ್ತದಲ್ಲಿ 148. ಕೈಕಾಲಿನ ಕಡೆಯ ರಕ್ತದಲ್ಲಿ 79. ನೋಡಿ, ಹೇಗೆ ಇಳಿಯುತ್ತಾ ಹೋಗುತ್ತದೆ. ಬ್ಯುಟಿರೇಟನ್ನು ಬಹುಪಾಲು ಕರುಳಿನ ಗೋಡೆಯೇ ತಿಂದುಬಿಡುತ್ತದೆ. ಪ್ರೊಪಿಯೊನೇಟನ್ನು ಲಿವರ್ ಹಿಡಿದುಕೊಳ್ಳುತ್ತದೆ. ಅಸಿಟೇಟ್ ಮಾತ್ರ ಒಂದಿಷ್ಟು ಉಳಿದು ಊರೆಲ್ಲ ಸುತ್ತುತ್ತದೆ. ಮೂವತ್ತು ವರ್ಷದ ನಂತರ, 2017ರಲ್ಲಿ, ಬೆಲ್ಜಿಯಂನವರು ಗುರುತು ಹಾಕಿದ ಆಮ್ಲಗಳನ್ನು ಬದುಕಿರುವವರ ದೊಡ್ಡ ಕರುಳಿನಲ್ಲೇ ಬಿಚ್ಚಿಕೊಳ್ಳುವ ಕ್ಯಾಪ್ಸೂಲಿನಲ್ಲಿ ತುಂಬಿ ಕೊಟ್ಟು ನೋಡಿದರು. ಇಡೀ ಮೈಯ ರಕ್ತಕ್ಕೆ ತಲುಪಿದ್ದು ಅಸಿಟೇಟಿನಲ್ಲಿ 36%, ಪ್ರೊಪಿಯೊನೇಟಿನಲ್ಲಿ 9%, ಬ್ಯುಟಿರೇಟಿನಲ್ಲಿ ಬರೀ 2%.

ಇನ್ನು ಇನ್ಸುಲಿನ್. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಪ್ಯಾಂಕ್ರಿಯಾಸ್ ಇನ್ಸುಲಿನ್ ಬಿಡುತ್ತದೆ, ಇನ್ಸುಲಿನ್ ಹೋಗಿ ಮಾಂಸಖಂಡದ ಬಾಗಿಲು ಬಡಿಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ಒಂದೇ ಸಲ ಬಡಿದರೆ ಬಾಗಿಲು ತೆಗೆಯುವ ಮೈಯೂ ಇದೆ, ಹತ್ತು ಸಲ ಬಡಿದರೂ ಅರ್ಧ ತೆಗೆಯುವ ಮೈಯೂ ಇದೆ. ಇನ್ಸುಲಿನ್ನಿನ ಕರೆಗೆ ಮೈ ಎಷ್ಟು ಓಗೊಡುತ್ತದೆ ಅನ್ನುವುದೇ ಇನ್ಸುಲಿನ್ ಸೆನ್ಸಿಟಿವಿಟಿ. ಅದು ಕಡಿಮೆಯಾದಾಗ ಪ್ಯಾಂಕ್ರಿಯಾಸ್ ಜಾಸ್ತಿ ಜಾಸ್ತಿ ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ವರ್ಷಗಟ್ಟಲೆ ದುಡಿದು ಸುಸ್ತಾದ ಮೇಲೆ ಸಕ್ಕರೆ ಏರಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನಾವು ಲ್ಯಾಬಿಗೆ ಹೋಗಿರುತ್ತೇವೆ.

ಇದನ್ನು ಅಳೆಯುವ ಸರಿಯಾದ ವಿಧಾನ ಸ್ವಲ್ಪ ಕಷ್ಟದ್ದು. ಒಂದು ಸೂಜಿಯಿಂದ ಇನ್ಸುಲಿನ್ ಒಂದೇ ಸಮನೆ ಹರಿಸುತ್ತಾರೆ. ಸಕ್ಕರೆ ಇಳಿಯದ ಹಾಗೆ ಇನ್ನೊಂದು ಸೂಜಿಯಿಂದ ಗ್ಲೂಕೋಸ್ ಹರಿಸುತ್ತಾರೆ. ತಳದಲ್ಲಿ ತೂತಿರುವ ಬಕೆಟಿನಲ್ಲಿ ನೀರಿನ ಮಟ್ಟ ಒಂದೇ ಕಡೆ ನಿಲ್ಲಬೇಕು ಅಂದರೆ ನಲ್ಲಿಯನ್ನು ಎಷ್ಟು ತಿರುಗಿಸಬೇಕು? ನಲ್ಲಿ ಜಾಸ್ತಿ ತಿರುಗಿಸಬೇಕಾದರೆ ತೂತು ದೊಡ್ಡದು ಅಂತ ಅರ್ಥ. ಹಾಗೆಯೇ ಗ್ಲೂಕೋಸ್ ಜಾಸ್ತಿ ಬೇಕಾಯಿತು ಅಂದರೆ ಮೈ ಚೆನ್ನಾಗಿ ಓಗೊಡುತ್ತಿದೆ. ಇದಕ್ಕೆ ಕ್ಲಾಂಪ್ ಅನ್ನುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಯಾವುದೇ ಸಂಶೋಧನೆಯ ಸುದ್ದಿ ಓದುವಾಗ ಕ್ಲಾಂಪ್ ಮಾಡಿದ್ದಾರಾ ಅಂತ ನಾನು ಮೊದಲು ನೋಡುತ್ತೇನೆ.

ನಮ್ಮ ಜನಕ್ಕೆ ಈ ಮಾತು ಯಾಕೆ ಹತ್ತಿರದ್ದು ಅಂತ ಹೇಳಲು ಪುಣೆಗೆ ಹೋಗಬೇಕು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾಕ್ಟರ್ ಯಾಜ್ಞಿಕ್ ಅವರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಹಾಕಿದರು. ಒಬ್ಬರು ಅವರೇ, ಇನ್ನೊಬ್ಬರು ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ನೋಡಲೂ ಇಬ್ಬರೂ ಸಪೂರ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಅವರ ಮೈಯಲ್ಲಿ 21.2%. ನಮ್ಮಲ್ಲಿ ಹುಟ್ಟುವ ಮಗುವೇ ತೂಕ ಕಡಿಮೆ ಇದ್ದರೂ ಕೊಬ್ಬು ಉಳಿಸಿಕೊಂಡು ಹುಟ್ಟುತ್ತದೆ ಅಂತ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಅವರ ತಂಡ ತೋರಿಸಿತು. ಹಾಗಾಗಿ "ನಾನು ಸಣ್ಣಗಿದ್ದೇನೆ, ನನಗೇನು" ಅನ್ನುವ ಮಾತು ನಮಗೆ ಹೊಂದುವುದಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಅಂತ ಲೆಕ್ಕ ಸಿಕ್ಕಿತು. ರಾಜ್ಯಗಳಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ನಮ್ಮ ಪಕ್ಕದ ಗೋವಾ, ಅಲ್ಲಿ ದೊಡ್ಡವರಲ್ಲಿ 26.4%.

ಸರಿ, ದೊಡ್ಡ ಕರುಳಿನಲ್ಲಿ ಹುಳಿದ ನಾರಿಗೂ ತೊಡೆಯ ಮಾಂಸಖಂಡಕ್ಕೂ ಏನು ಸಂಬಂಧ? ಸಂಬಂಧ ಮೂರ್ನಾಲ್ಕು ದಾರಿಯಲ್ಲಿದೆ. ಕರುಳಿನ ಗೋಡೆಯಲ್ಲಿ ಎಲ್ ಕೋಶ ಅಂತ ಇವೆ. ಅವುಗಳ ಮೇಲೆ ಈ ಆಮ್ಲಗಳನ್ನು ಗುರುತಿಸುವ ಗ್ರಾಹಕಗಳಿವೆ ಅಂತ 2003ರ ನಂತರ ಗೊತ್ತಾಗುತ್ತಾ ಬಂತು. ಆಮ್ಲ ತಾಗಿದಾಗ ಆ ಕೋಶಗಳು ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಹಾರ್ಮೋನು ಬಿಡುತ್ತವೆ. ಎರಡೂ ಹಸಿವೆ ತಗ್ಗಿಸುತ್ತವೆ, ಜಿಎಲ್‌ಪಿ-1 ಇನ್ಸುಲಿನ್ ಬಿಡಲೂ ನೆರವಾಗುತ್ತದೆ. ಜಿಎಲ್‌ಪಿ-1 ಹೆಸರು ನೀವು ಕೇಳಿರುತ್ತೀರಿ, ಈಗ ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಅದನ್ನೇ ಅನುಕರಿಸುತ್ತದೆ. ಕರುಳಿನಿಂದ ಬರುವುದು ಅದರ ಮುಂದೆ ಬಹಳ ಚಿಕ್ಕ ಪ್ರಮಾಣ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಎರಡನೇ ದಾರಿ ಅಸಿಟೇಟಿನದು. ಕೊಬ್ಬಿನ ಕೋಶಗಳಿಂದ ಕೊಬ್ಬು ಕರಗಿ ರಕ್ತಕ್ಕೆ ಸೋರುವುದನ್ನು ಅದು ತಡೆಯುತ್ತದೆ. ಸೋರಿಕೆ ಜಾಸ್ತಿಯಾದರೆ ಆ ಕೊಬ್ಬು ಮಾಂಸಖಂಡ, ಲಿವರಿನಲ್ಲಿ ಹೋಗಿ ಕೂರುತ್ತದೆ, ಇನ್ಸುಲಿನ್ ಬಾಗಿಲು ಬಡಿದದ್ದು ಕೇಳಿಸದ ಹಾಗೆ ಮಾಡುತ್ತದೆ. ಮೂರನೆಯದು, ಬ್ಯುಟಿರೇಟ್ ತಿಂದು ಗಟ್ಟಿಯಾದ ಕರುಳಿನ ಗೋಡೆ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ನುಸುಳಿ ಮೈಯಲ್ಲಿ ಸಣ್ಣ ಉರಿಯೂತ ಎಬ್ಬಿಸುತ್ತವೆ. ಇಷ್ಟು ಸಾಕು.

ಇದೆಲ್ಲ ಇಲಿಗಳಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. 2009ರಲ್ಲಿ ಕೊಬ್ಬು ತಿನ್ನಿಸಿದ ಇಲಿಗಳಿಗೆ ಬ್ಯುಟಿರೇಟ್ ಕೊಟ್ಟಾಗ ಅವು ದಪ್ಪಗಾಗಲಿಲ್ಲ, ಇನ್ಸುಲಿನ್ನಿಗೆ ಚೆನ್ನಾಗಿ ಓಗೊಟ್ಟವು. ಅಲ್ಲಿಂದಲೇ ಕ್ಯಾಪ್ಸೂಲಿನ ಆಸೆ ಹುಟ್ಟಿತು. ಆದರೆ 2016ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇದಕ್ಕೆ ಉಲ್ಟಾ ಒಂದು ಮಾತು ಹೇಳಿದರು. ಅವರ ಇಲಿಗಳಲ್ಲಿ ಅಸಿಟೇಟ್ ಜಾಸ್ತಿಯಾದಾಗ ಹಸಿವೆ ಹೆಚ್ಚಿತು, ಇನ್ಸುಲಿನ್ ವಿಪರೀತ ಬಂತು, ಮೈ ಬೆಳೆಯಿತು. ಇಲಿಯ ದೊಡ್ಡ ಕರುಳು, ಅದರ ಊಟ, ಅದಕ್ಕೆ ಕೊಡುವ ಡೋಸ್, ಯಾವುದೂ ನಮ್ಮದಕ್ಕೆ ಹೊಂದುವುದಿಲ್ಲ. ಮನುಷ್ಯರ ಮೇಲೆ ಮಾಡಿದ್ದನ್ನೇ ನೋಡೋಣ.

ಆಮ್‌ಸ್ಟರ್‌ಡ್ಯಾಮಿನ ಪ್ರಯೋಗ ಕೇಳಿದರೆ ಸ್ವಲ್ಪ ಅಸಹ್ಯ ಅನಿಸಬಹುದು, ಆದರೂ ಕೇಳಿ. 2012ರದು. ಹೊಟ್ಟೆ ಬಂದು ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ರಕ್ತದ ಕೊಬ್ಬಿನ ತೊಂದರೆಗಳು ಒಟ್ಟಿಗೆ ಇರುವ ಸ್ಥಿತಿ, ಇದ್ದ 18 ಗಂಡಸರು. ಅರ್ಧ ಜನಕ್ಕೆ ಸಪೂರ, ಆರೋಗ್ಯವಂತ ದಾನಿಗಳ ಮಲದಿಂದ ತಯಾರಿಸಿದ ದ್ರಾವಣವನ್ನು ಮೂಗಿನ ಕೊಳವೆಯಿಂದ ಸಣ್ಣ ಕರುಳಿಗೆ ಇಳಿಸಿದರು. ಉಳಿದವರಿಗೆ ಅವರದೇ ಮಲದ ದ್ರಾವಣ. ಆರು ವಾರದ ನಂತರ ಕ್ಲಾಂಪ್ ಮಾಡಿದಾಗ ಮೊದಲ ಗುಂಪಿನಲ್ಲಿ ಮೈ ಗ್ಲೂಕೋಸ್ ಎಳೆದುಕೊಳ್ಳುವ ವೇಗ, ಕಿಲೋ ತೂಕಕ್ಕೆ ನಿಮಿಷಕ್ಕೆ ಇಷ್ಟು ಮೈಕ್ರೋಮೋಲ್ ಅಂತ ಲೆಕ್ಕ, 26.2ರಿಂದ 45.3ಕ್ಕೆ ಏರಿತ್ತು. ತೂಕ ಇಳಿದಿರಲಿಲ್ಲ, ಊಟ ಬದಲಾಗಿರಲಿಲ್ಲ. ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಇದನ್ನು ಮೊದಲ ಸಲ ಓದಿದ ದಿನ ನಾನು ಮತ್ತೆ ಮತ್ತೆ ಆ ಅಂಕಿ ನೋಡಿದ್ದೆ. ಸಕ್ಕರೆ ಕಾಯಿಲೆಯ ಒಂದು ತುದಿ ದೊಡ್ಡ ಕರುಳಿನಲ್ಲಿದೆ ಅಂತ ಮನುಷ್ಯರಲ್ಲೇ ತೋರಿಸಿದ ಹಾಗಿತ್ತು. ಅದೇ ತಂಡ 2017ರಲ್ಲಿ 38 ಜನರ ಮೇಲೆ ಮತ್ತೆ ಮಾಡಿತು. ಆರು ವಾರಕ್ಕೆ ಮತ್ತೆ ಸುಧಾರಣೆ ಕಂಡಿತು, ಮೊದಲಿನಷ್ಟಲ್ಲ. 18 ವಾರಕ್ಕೆ ಎಲ್ಲ ಮಾಯ. ಹೊಸ ಬ್ಯಾಕ್ಟೀರಿಯಾ ಬಂದವು, ಆದರೆ ಉಳಿಯಲಿಲ್ಲ. ಹಳೇ ಊಟವೇ ನಡೆಯುತ್ತಿತ್ತಲ್ಲ.

ಮುಂದಿನ ಪ್ರಶ್ನೆ ಸಹಜ. ಬ್ಯಾಕ್ಟೀರಿಯಾ ಯಾಕೆ, ಅವು ಮಾಡುವ ಬ್ಯುಟಿರೇಟನ್ನೇ ಕೊಟ್ಟರೆ? ಅದನ್ನೂ ಆಮ್‌ಸ್ಟರ್‌ಡ್ಯಾಮಿನವರೇ ಮಾಡಿದರು. 2018ರಲ್ಲಿ ಫಲಿತಾಂಶ ಬಂತು. ದಿನಕ್ಕೆ 4 ಗ್ರಾಂ ಸೋಡಿಯಂ ಬ್ಯುಟಿರೇಟ್, ನಾಲ್ಕು ವಾರ. ಸಪೂರ ಇರುವವರಲ್ಲಿ ಇನ್ಸುಲಿನ್ನಿಗೆ ಓಗೊಡುವುದು ಸುಧಾರಿಸಿತು. ಮೆಟಬಾಲಿಕ್ ಸಿಂಡ್ರೋಮ್ ಇದ್ದವರಲ್ಲಿ, ಅಂದರೆ ಯಾರಿಗೆ ನಿಜವಾಗಿ ಬೇಕಿತ್ತೋ ಅವರಲ್ಲಿ, ಸುಧಾರಿಸಲಿಲ್ಲ. ಅಕ್ಕನಿಗೆ ನಾನು ಮೊದಲು ಹೇಳಿದ ಕಾರಣ ಇದೇ. ಬಾಯಿಂದ ನುಂಗಿದ ಬ್ಯುಟಿರೇಟ್ ಬಹುಪಾಲು ಮೇಲೇ ಹೀರಿಕೊಂಡುಹೋಗುತ್ತದೆ. ದೊಡ್ಡ ಕರುಳಿನಲ್ಲಿ ದಿನವಿಡೀ ಒಂದೇ ಸಮನೆ ಹುಟ್ಟುವುದಕ್ಕೂ, ಬೆಳಿಗ್ಗೆ ಒಮ್ಮೆ ಮೇಲಿನಿಂದ ಬೀಳುವುದಕ್ಕೂ ವ್ಯತ್ಯಾಸವಿದೆ.

ನೇರ ಕೊಟ್ಟರೆ ಎಡವಟ್ಟೂ ಆಗಬಹುದು ಅನ್ನುವುದಕ್ಕೆ ಪ್ರೊಪಿಯೊನೇಟಿನ ಉದಾಹರಣೆ ಇದೆ. ಪ್ಯಾಕೆಟ್ ಬ್ರೆಡ್ಡಿಗೆ ಬೂಷ್ಟು ಹಿಡಿಯದಿರಲಿ ಅಂತ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕುತ್ತಾರೆ. ಮುಂದಿನ ಸಲ ಕವರಿನ ಹಿಂದೆ ಓದಿ ನೋಡಿ, 282 ಅಂತ ನಂಬರ್ ಇರುತ್ತದೆ. 2019ರಲ್ಲಿ ಹಾರ್ವರ್ಡ್‌ನವರು 14 ಆರೋಗ್ಯವಂತರಿಗೆ ಒಂದು ಊಟದಲ್ಲಿ 1 ಗ್ರಾಂ ಬೆರೆಸಿ ಕೊಟ್ಟರು. ಸಕ್ಕರೆ ಏರಿಸುವ ಹಾರ್ಮೋನುಗಳಾದ ಗ್ಲುಕಗಾನ್ ಏರಿತು, ನಾರ್‌ಎಪಿನೆಫ್ರಿನ್ ಏರಿತು, ಇನ್ಸುಲಿನ್ ಹೆಚ್ಚು ಬೇಕಾಯಿತು. ಬಾಯಿಂದ ಬಂದ ಪ್ರೊಪಿಯೊನೇಟ್ ಹೀಗೆ ಮಾಡಿತು. ಅದೇ ಪ್ರೊಪಿಯೊನೇಟನ್ನು ಇನುಲಿನ್ ಎಂಬ ನಾರಿಗೆ ಅಂಟಿಸಿ ದೊಡ್ಡ ಕರುಳಿನಲ್ಲೇ ಬಿಡುಗಡೆಯಾಗುವ ಹಾಗೆ ಲಂಡನ್ನಿನವರು ಮಾಡಿದರು. ದಿನಕ್ಕೆ 20 ಗ್ರಾಂನಂತೆ 42 ದಿನ ಕೊಟ್ಟಾಗ ಇನ್ಸುಲಿನ್ ರೆಸಿಸ್ಟೆನ್ಸ್, ಅಂದರೆ ಇನ್ಸುಲಿನ್ನಿಗೆ ಮೈ ಓಗೊಡದಿರುವುದು, ಕಡಿಮೆಯಾಯಿತು. ನನಗೆ ಇದರಲ್ಲಿ ಇಷ್ಟವಾದದ್ದು ಇನ್ನೊಂದು ವಿಷಯ. ಹೋಲಿಕೆಗೆ ಅಂತ ಸುಮ್ನೆ ಇನುಲಿನ್ ಮಾತ್ರ ಕೊಟ್ಟ ಸರದಿಯಲ್ಲೂ ಹೆಚ್ಚುಕಡಿಮೆ ಅದೇ ಸುಧಾರಣೆ ಬಂತು. ಇನುಲಿನ್ ಅಂದರೆ ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇರುವ ನಾರು. 12 ಜನರ ಮೇಲೆ ಮಾಡಿದ್ದು, ಚಿಕ್ಕ ಪ್ರಯೋಗ, ಅದನ್ನೂ ಹೇಳಲೇಬೇಕು.

ನಾರಿನ ಕಡೆಯ ಲೆಕ್ಕ ಇನ್ನೂ ಗಟ್ಟಿ. 2005ರಲ್ಲಿ ಇಂಗ್ಲೆಂಡಿನ ರಾಬರ್ಟ್‌ಸನ್ ತಂಡ 10 ಆರೋಗ್ಯವಂತರಿಗೆ ದಿನಕ್ಕೆ 30 ಗ್ರಾಂ ಜೀರ್ಣವಾಗದ ಪಿಷ್ಟ ನಾಲ್ಕು ವಾರ ಕೊಟ್ಟಿತು. ಕ್ಲಾಂಪಿನಲ್ಲಿ ಸುಧಾರಣೆ ಸಿಕ್ಕಿತು. ಮಾಂಸಖಂಡ ಅಸಿಟೇಟ್ ಹೆಚ್ಚು ಎಳೆದುಕೊಳ್ಳುತ್ತಿತ್ತು. 2018ರಲ್ಲಿ ಚೀನಾದಲ್ಲಿ ಶುಗರ್ ಇರುವ 43 ಜನರ ಮೇಲೆ ಆದದ್ದು ನಿಮಗೆ ಇನ್ನೂ ಹತ್ತಿರದ್ದು. ಎರಡು ಗುಂಪಿಗೂ ಒಂದೇ ಶುಗರ್ ಮಾತ್ರೆ, ಅಕಾರ್ಬೋಸ್. ಒಂದು ಗುಂಪಿಗೆ ಮಾಮೂಲಿ ಪಥ್ಯ, ಇನ್ನೊಂದಕ್ಕೆ ಇಡೀ ಧಾನ್ಯ ಮತ್ತು ಬಗೆಬಗೆಯ ನಾರು ತುಂಬಿದ ಊಟ. 84 ದಿನದ ಕೊನೆಗೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, 7ರ ಒಳಗೆ ಬಂದವರು ನಾರಿನ ಗುಂಪಿನಲ್ಲಿ 89%, ಇನ್ನೊಂದರಲ್ಲಿ 50%. ಅವರ ಕರುಳಿನಲ್ಲಿ ಈ ಆಮ್ಲ ಮಾಡುವ 15 ತಳಿಗಳು ಹೆಚ್ಚಿದ್ದವು. ಆ ತಳಿಗಳು ಹೆಚ್ಚಿದ್ದಷ್ಟೂ ಎಚ್‌ಬಿಎ1ಸಿ ಚೆನ್ನಾಗಿ ಇಳಿದಿತ್ತು. ಮಾತ್ರೆ ಬಿಟ್ಟು ಆದದ್ದಲ್ಲ, ಮಾತ್ರೆಯ ಜೊತೆಗೆ ಆದದ್ದು. ಇದನ್ನು ಅಕ್ಕನಿಗೆ ಎರಡು ಸಲ ಹೇಳಿದೆ.

ಈಗ ಆ ಕೆಂಪು ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಮಲದಲ್ಲಿ ಬ್ಯುಟಿರೇಟ್ ಕಡಿಮೆ ಇದ್ದರೆ ಏನರ್ಥ? ಹುಟ್ಟಿದ ಆಮ್ಲದಲ್ಲಿ 90 ಪಾಲಿಗೂ ಹೆಚ್ಚು ಕರುಳಿನಲ್ಲೇ ಹೀರಿಕೊಂಡುಹೋಗುತ್ತದೆ. ಮಲದಲ್ಲಿ ಸಿಗುವುದು ಹೀರದೇ ಉಳಿದ ಚೂರು. ದಾದರ್ ಸ್ಟೇಷನ್ನಿನಲ್ಲಿ ರಾತ್ರಿ ಕೊನೆಯ ಲೋಕಲ್ ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರನ್ನು ಎಣಿಸಿ, ಆ ದಿನ ಎಷ್ಟು ಜನ ಪ್ರಯಾಣ ಮಾಡಿದರು ಅಂತ ಹೇಳಲು ಆಗುತ್ತದಾ? ಕಡಿಮೆ ಉಳಿದಿದ್ದರೆ ಕಡಿಮೆ ಹುಟ್ಟಿರಬಹುದು, ಅಥವಾ ಚೆನ್ನಾಗಿ ಹೀರಿಕೊಂಡಿರಬಹುದು. 2019ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನವರು 160 ಜನರಲ್ಲಿ ಎರಡನ್ನೂ ಅಳೆದರು. ರಕ್ತದಲ್ಲಿನ ಆಮ್ಲಗಳಿಗೂ ಇನ್ಸುಲಿನ್ ಸೆನ್ಸಿಟಿವಿಟಿಗೂ ಸಂಬಂಧ ಸಿಕ್ಕಿತು. ಮಲದಲ್ಲಿನ ಆಮ್ಲಗಳಿಗೆ ಸಿಗಲಿಲ್ಲ. ಕೊಲಂಬಿಯಾದ ಒಂದು ಅಧ್ಯಯನದಲ್ಲಂತೂ ಮಲದಲ್ಲಿ ಆಮ್ಲ ಜಾಸ್ತಿ ಇದ್ದವರಲ್ಲೇ ಬೊಜ್ಜು, ಬಿಪಿ ಜಾಸ್ತಿ ಇತ್ತು. ಇನ್ನೊಂದು ತೊಡಕು ಮೆಟ್‌ಫಾರ್ಮಿನ್ನಿನದು. ಆ ಮಾತ್ರೆಯೇ ಕರುಳಿನ ಬ್ಯಾಕ್ಟೀರಿಯಾವನ್ನು ಬದಲಾಯಿಸುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ಏಳು ವರ್ಷ ಅದನ್ನು ತಗೊಂಡವರ ರಿಪೋರ್ಟನ್ನು ತಗೊಳ್ಳದವರ ಪಟ್ಟಿಗೆ ಹೋಲಿಸಿ ಕೆಂಪು ಬಣ್ಣ ಬಳಿದರೆ ಅದು ನ್ಯಾಯವಲ್ಲ. ಆ ರಿಪೋರ್ಟಿಗೆ ಅವರು ಕೊಟ್ಟ ದುಡ್ಡಿನಲ್ಲಿ ಒಂದು ವರ್ಷದ ಕಾಳು ಬರುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅಡುಗೆಮನೆಗೆ ಬರೋಣ. ತುಪ್ಪದಲ್ಲಿ ಬ್ಯುಟಿರೇಟ್ ಇದೆ, ದಿನಾ ಒಂದು ಚಮಚ ತಿಂದರೆ ಶುಗರ್ ಇಳಿಯುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದೆ, ನಿಜ. ಹಾಲಿನ ಕೊಬ್ಬಿನಲ್ಲಿ ಶೇಕಡಾ 3ರಿಂದ 4. ಒಂದು ಚಮಚ ತುಪ್ಪದಲ್ಲಿ 0.2 ಗ್ರಾಂ ಆಗಬಹುದು. ಆಮ್‌ಸ್ಟರ್‌ಡ್ಯಾಮಿನವರು 4 ಗ್ರಾಂ ಕೊಟ್ಟೂ ಬೇಕಾದವರಿಗೆ ಉಪಯೋಗ ಆಗಲಿಲ್ಲ. ತುಪ್ಪದ್ದು ಸಣ್ಣ ಕರುಳಿನಲ್ಲೇ ಮುಗಿದುಹೋಗುತ್ತದೆ. ರುಚಿಗೆ ತಿನ್ನಿ, ಔಷಧಿ ಅಂತ ಬೇಡ.

ತಂಗಳನ್ನದ ಮಾತೂ ಹಾಗೆಯೇ. ಅನ್ನ ಆರಿದಾಗ ಅದರ ಪಿಷ್ಟದಲ್ಲಿ ಒಂದು ಪಾಲು ಗಟ್ಟಿಯಾಗಿ ಜೀರ್ಣವಾಗದ ಪಿಷ್ಟವಾಗುತ್ತದೆ, ಅದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಳೆದಿದ್ದಾರೆ. ಬಿಸಿ ಅನ್ನದ 100 ಗ್ರಾಂನಲ್ಲಿ 0.64 ಗ್ರಾಂ. ಒಂದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದರೆ 1.65 ಗ್ರಾಂ. ಎರಡೂವರೆ ಪಟ್ಟು ಅಂತ ಹೇಳಿದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ರಾಬರ್ಟ್‌ಸನ್ ಕೊಟ್ಟ 30 ಗ್ರಾಂ ಬರಬೇಕಾದರೆ 1,800 ಗ್ರಾಂ ತಂಗಳನ್ನ ತಿನ್ನಬೇಕು! ತಿಂದರೆ ಶುಗರ್ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಮಿಕ್ಕ ಅನ್ನವನ್ನು ಮಾರನೇ ದಿನ ತಿನ್ನುವುದು ಒಳ್ಳೆಯದೇ, ಸರಿಯಾಗಿ ಫ್ರಿಜ್ಜಿನಲ್ಲಿ ಇಟ್ಟಿದ್ದರೆ. ಲೆಕ್ಕ ಮಾತ್ರ ಕೈಬಿಡಬೇಡಿ.

ಅಕ್ಕ ಮತ್ತು ನಾನು ಅವತ್ತು ಒಂದು ಕಾಗದದ ಮೇಲೆ ಅವರ ಒಂದು ದಿನದ ಊಟ ಬರೆದೆವು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ ಆಹಾರ ಕೋಷ್ಟಕ ನನ್ನ ಹತ್ತಿರ ಇದೆ. ಬೆಳಿಗ್ಗೆ ಟೀ, ಎರಡು ಪಾವ್. ಮೈದಾದ 100 ಗ್ರಾಂನಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಹಾಗಾಗಿ ಎರಡು ಪಾವಿನಿಂದ ಎರಡು ಗ್ರಾಂ ಅಂತ ಹಿಡಿಯೋಣ. ಎರಡು ಹೊತ್ತಿಗೆ ಸೇರಿ 200 ಗ್ರಾಂ ಬಿಳಿ ಅಕ್ಕಿ, ಅದರಲ್ಲಿ ಐದೂವರೆ ಗ್ರಾಂ. ಸಾರಿಗೆ 30 ಗ್ರಾಂ ತೊಗರಿಬೇಳೆ, ಎರಡೂಮುಕ್ಕಾಲು. ಸ್ವಲ್ಪ ಪಲ್ಯ, ಒಂದು ಬಾಳೆಹಣ್ಣು. ಎಲ್ಲ ಕೂಡಿಸಿದರೂ 15 ಗ್ರಾಂ ದಾಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅನ್ನುತ್ತದೆ. ಅಕ್ಕ ತಟ್ಟೆ ತುಂಬಾ ಊಟ ಮಾಡುತ್ತಾರೆ, ಆದರೆ ಅವರ ದೊಡ್ಡ ಕರುಳು ಉಪವಾಸ.

ಆಮೇಲೆ ಬದಲಾಯಿಸುತ್ತಾ ಹೋದೆವು. ರಾತ್ರಿಯ ಅನ್ನ ತೆಗೆದು ಎರಡು ಜೋಳದ ಭಾಕ್ರಿ. 100 ಗ್ರಾಂ ಜೋಳದ ಹಿಟ್ಟು, 10 ಗ್ರಾಂ ನಾರು. ಅದರ ಜೊತೆ ಇಡೀ ಹೆಸರುಕಾಳಿನ ಉಸಳ್, 40 ಗ್ರಾಂ ಕಾಳು, ಸುಮಾರು 7 ಗ್ರಾಂ. ಬೇಳೆ ಮಾಡಿದ ಹೆಸರಿನಲ್ಲಿ ಇದರ ಅರ್ಧ ಇರುತ್ತದೆ, ಸಿಪ್ಪೆ ಹೋಯಿತಲ್ಲ. ಕಡಲೆಕಾಳಿನಲ್ಲಿ ಇನ್ನೂ ಜಾಸ್ತಿ, 100 ಗ್ರಾಂಗೆ 25. ಕಾಳುಗಳಲ್ಲಿ ಇನ್ನೊಂದು ವಿಶೇಷವಿದೆ. ರಾಫಿನೋಸ್, ಸ್ಟಾಕಿಯೋಸ್ ಅಂತ ಸಕ್ಕರೆಗಳು, ನಮಗೆ ಜೀರ್ಣವಾಗುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಪ್ರೀತಿ. ಹೊಟ್ಟೆ ಉಬ್ಬರ ಬರುವುದು ಅದರಿಂದಲೇ. ಗೋಧಿ ತೌಡಿನ ನಾರು ಅಷ್ಟು ಬೇಗ ಹುಳಿಯುವುದಿಲ್ಲ, ಕಾಳು, ಈರುಳ್ಳಿ, ಬಾಳೆಕಾಯಿಯದು ಹುಳಿಯುತ್ತದೆ. ಬಾಳೆಕಾಯಿ ಮಾಟುಂಗಾ ಮಾರ್ಕೆಟಿನಲ್ಲಿ ಯಾವತ್ತೂ ಸಿಗುತ್ತದೆ, ಊರಿನ ಹಾಗೆ ಪಲ್ಯ ಮಾಡಿ. ಒಂದೇ ಬಗೆಯ ನಾರನ್ನು ರಾಶಿ ತಿನ್ನುವುದಕ್ಕಿಂತ ನಾಲ್ಕು ಬಗೆ ಇರಲಿ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಕೊಟ್ಟು ತಗೊಂಡು ಬದುಕುತ್ತವೆ. ಬೈಫಿಡೋ ಜಾತಿಯವು ಅಸಿಟೇಟ್, ಲ್ಯಾಕ್ಟೇಟ್ ಮಾಡುತ್ತವೆ, ಅದನ್ನು ತಿಂದು ಬೇರೆಯವು ಬ್ಯುಟಿರೇಟ್ ಮಾಡುತ್ತವೆ.

ಒಂದೇ ದಿನದಲ್ಲಿ 15ರಿಂದ 30ಕ್ಕೆ ಹಾರಬೇಡಿ. ಹೊಟ್ಟೆ ಉಬ್ಬಿ ಮೂರನೇ ದಿನಕ್ಕೆ ಎಲ್ಲ ಬಿಟ್ಟುಬಿಡುತ್ತೀರಿ. ವಾರಕ್ಕೆ ಒಂದು ಊಟ ಬದಲಾಯಿಸಿ, ನೀರು ಕುಡಿಯಿರಿ. ಕಿಡ್ನಿ ತೊಂದರೆ ಇರುವವರು ಕಾಳು, ಬಾಳೆಕಾಯಿ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಪೊಟ್ಯಾಸಿಯಂ ವಿಷಯ ಇದೆ.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಒಬ್ಬರು ಕೇಳಿದರು, ಎಷ್ಟು ದಿನಕ್ಕೆ ಗೊತ್ತಾಗುತ್ತದೆ ಅಂತ. ಬ್ಯಾಕ್ಟೀರಿಯಾ ಕೆಲವೇ ದಿನದಲ್ಲಿ ಬದಲಾಗುತ್ತವೆ, ಇನ್ಸುಲಿನ್ ಅಳತೆಯಲ್ಲಿ ಬದಲಾವಣೆ ಕಂಡ ಪ್ರಯೋಗಗಳು ಬಹುಪಾಲು ನಾಲ್ಕು ವಾರದಿಂದ ಮೂರು ತಿಂಗಳಿನವು. ಎಚ್‌ಬಿಎ1ಸಿ ಹೇಗೂ ಮೂರು ತಿಂಗಳ ಲೆಕ್ಕ. ಊಟ ಹಳೆಯದಕ್ಕೆ ಹೋದರೆ ಬ್ಯಾಕ್ಟೀರಿಯಾಗಳೂ ಹಳೆಯದಕ್ಕೆ ಹೋಗುತ್ತವೆ.

ಇನ್ನೊಬ್ಬರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಅನ್ನ ತೆಗೆದು ಭಾಕ್ರಿ, ಉಸಳ್ ಶುರು ಮಾಡಿದರೆ ಡೋಸ್ ಅಷ್ಟೇ ಇರಬೇಕಾ ಅಂತ ಕೇಳಿದರು. ಇವತ್ತಿನ ಎಲ್ಲ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಇದು. ಊಟದ ಪಿಷ್ಟ ಕಡಿಮೆಯಾಗಿ ಡೋಸ್ ಹಾಗೇ ಇದ್ದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ಹದಿನೈದು ನಿಮಿಷಕ್ಕೆ ಮತ್ತೆ ಮೀಟರಿನಲ್ಲಿ ನೋಡಬೇಕು. ಅಂಥವರು ಊಟ ಬದಲಾಯಿಸುವ ಮೊದಲೇ ಡಾಕ್ಟರಿಗೆ ಹೇಳಿ. ಮೊದಲ ಎರಡು ವಾರ ಊಟಕ್ಕೆ ಮುಂಚೆ, ಎರಡು ಗಂಟೆ ನಂತರ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅವತ್ತು ಏನು ತಿಂದಿರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ನಮ್ಮ ಅಕ್ಕ ಬರೆಯಲು ಶುರು ಮಾಡಿದ್ದಾರೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾರೆ. ಇಪ್ಪತ್ತೆರಡು ದಿನ ಆಗಿದೆ. ಮಾತ್ರೆ ನಡೆಯುತ್ತಿದೆ, ಕ್ಯಾಪ್ಸೂಲಿನ ಡಬ್ಬಿ ತೆರೆದಿಲ್ಲ, ಮುಂದಿನ ಎಚ್‌ಬಿಎ1ಸಿ ಇನ್ನೆರಡು ತಿಂಗಳಿಗೆ.